ಕುರಿಗಳು ಒಪ್ಪದ ದನಿ

ಬೀರಣ್ಣನ ಗಿಟಾರಿಗೆ ಚೀಲವಿಲ್ಲ, ಕಂಬಳಿಯಿದೆ. ಅವನವ್ವ ನೂತ ಉಣ್ಣೆಯ ಕರಿ ಕಂಬಳಿ. ಮುದನಾಳದಿಂದ ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಗಿಟಾರಿಗೆ ಅದನ್ನು ಹೊದಿಸಿ ತೊಡೆಯ ಮೇಲೆ ಮಲಗಿಸಿಕೊಂಡು ಕೂತರೆ ಕಂಡಕ್ಟರು, "ಕೂಸಿಗೆ ಜ್ವರಾ ಬಂದಾವೇನೋ ತಮ್ಮಾ?" ಎನ್ನುತ್ತಾನೆ. ಬೀರಣ್ಣ ನಗುವುದಿಲ್ಲ. ಅವನ ಪಾಲಿನ ನಗುವನ್ನೂ ನಾನೇ ನಗುತ್ತೇನೆ. ನಮ್ಮ ಬ್ಯಾಂಡಿನಲ್ಲಿ ಕೆಲಸದ ಹಂಚಿಕೆ ಹಾಗಿದೆ.

ಬ್ಯಾಂಡೆಂದರೆ ಮೂವರು ಮಾತ್ರ. ಗಿಟಾರಿಗೆ ಬೀರಣ್ಣ, ಕುರಿ ಸಾಕುವ ಮನೆಯವನು. ಡ್ರಮ್ಮಿಗೆ ಶರಣು, ಅಪ್ಪನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿಯನ್ನು ಕಟ್ಟೆಗೆ ಬಡಿದು ಬಡಿದೇ ಅವನು ತಾಳ ಕಲಿತದ್ದು. ಹಾಡುವವನು ನಾನು. ಹಾಡುವವನು ಎಂದರೆ ಸ್ವಲ್ಪ ಹೆಚ್ಚಾದೀತು. ನಾನು ಅಣಕಿಸುವವನು. ಬಸ್ ನಿಲ್ದಾಣದ ಘೋಷಣೆ, ಗಣಿತದ ಮೇಷ್ಟ್ರ ಕೆಮ್ಮು, ನೆರೆಮನೆಯ ಮಿಕ್ಸರು, ಯಾವುದನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ನನ್ನ ಗಂಟಲಿನಲ್ಲಿ ಬಾಡಿಗೆ ಮನೆ ಹಿಡಿದುಬಿಡುತ್ತದೆ. ನಾನು ಬಾಗಿಲಲ್ಲಿ ನಿಂತು ಕರೆದರೆ ನಮ್ಮವ್ವ ಒಳಗಿನಿಂದಲೇ, "ಯಾರ್ರೀ ಬಂದಾರ?" ಎಂದು ಕೇಳುತ್ತಾಳೆ. ಹೆತ್ತವಳಿಗೇ ನನ್ನ ವಿಳಾಸ ಖಚಿತವಿಲ್ಲ.

ನಮ್ಮ ಸಂಗೀತದಲ್ಲಿ ಗದ್ದಲವೇ ಹೆಚ್ಚು. ಇಷ್ಟು ಬಡಿದರೂ ಶಹಾಪುರದ ಬೆಟ್ಟಸಾಲಿನ ಆಕಾರದಲ್ಲಿ ಮಲಗಿರುವ ಬುದ್ಧ ಮಗ್ಗುಲು ಬದಲಿಸಲಿಲ್ಲವಲ್ಲ ಎಂದು ಶರಣುವಿಗೆ ಇಂದಿಗೂ ಬೇಸರ. ಹೀಗಿರುವಾಗ ಒಂದು ದಿನ ಬೀರಣ್ಣ ಕಂಬಳಿ ಬಿಚ್ಚಿ, ತಂತಿಗಳನ್ನು ಬರಿಗೈಯಿಂದ ಮೀಟಿ, ಕರೆಂಟಿಲ್ಲದ, ಸ್ಪೀಕರಿಲ್ಲದ ಒಂದು ಹಾಡು ಕಟ್ಟೋಣವೆಂದ. ನಡುವೆ ಅವನಪ್ಪ ಕುರಿಗಳನ್ನು ಕರೆಯುವ ಕೂಗು ಬರುತ್ತದೆ, ಕೂಗಿನ ನಂತರ ಗಿಟಾರು ನಿಲ್ಲುತ್ತದೆ, ಒಂದಿಷ್ಟು ಮೌನ, ಮತ್ತೆ ಹಾಡು. ಶರಣು ಡ್ರಮ್ಮು ಬಿಟ್ಟು ಜೋಳ ತುಂಬಿದ ಡಬ್ಬಿ ಅಲುಗಾಡಿಸಬೇಕು. ನನಗೆ ಮಾತ್ರ ಕರಾರು ಬೇರೆ.

"ಇದನ್ನ ನಿನ್ ದನಿಯಾಗ ಹಾಡಬೇಕು. ಯಾರ್ದರೆ ದನಿ ತಂದಿ ಅಂದ್ರ ಸುರಪುರದ ಕಾರ್ಯಕ್ರಮದಾಗ ನಾನೇ ಹಾಡ್ತೀನಿ. ನೀ ಸ್ಟೇಜ್ ಏರೂದು ಬ್ಯಾಡ."

ಸುರಪುರದ ಕಾಲೇಜಿನ ಕಾರ್ಯಕ್ರಮಕ್ಕೆ ಎರಡು ವಾರವಿತ್ತು. ನಾನು ಹಾಡಿ ಹಾಡಿ ಫೋನಿನಲ್ಲಿ ಹಿಡಿದಿಟ್ಟು ಕೇಳಿಸಿದೆ. ಶರಣು ಸಂತೆಯಲ್ಲಿ ಬದನೆಕಾಯಿ ಆರಿಸುವವನಂತೆ ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟ. "ಇದು ರೇಡಿಯೋದಾಂವ. ಇದು ನಿಮ್ಮ ಸೋದರಮಾವ. ಇದು... ಏ ನಕಲಿ, ಇದು ನನ್ ದನೀನೇ ಅಲ್ಲೇನೋ!"

ನಗಬೇಡಿ. ಎಲ್ಲರ ವೇಷವೂ ಇರುವ ಪೆಟ್ಟಿಗೆಯಲ್ಲಿ ತನ್ನ ಅಂಗಿಯೊಂದೇ ಸಿಗದೆ ಹೋದವನ ಚಳಿ ನಿಮಗೆ ತಿಳಿಯದು.

ಕೊನೆಗೆ ಬೀರಣ್ಣ ನಮ್ಮನ್ನು ಬಳಿಚಕ್ರದ ಹೊಲಗಳಿಗೆ ಕರೆದೊಯ್ದ. ಕೊಯ್ಲು ಮುಗಿದ ಜೋಳದ ಹೊಲದಲ್ಲಿ ಅವನಪ್ಪ ನಿಂಗಪ್ಪ ಕಾಕಾ ಕುರಿ ಬಿಟ್ಟಿದ್ದರು. ಮಧ್ಯಾಹ್ನ ಕುರಿಗಳನ್ನು ನೀರಿಗೆ ಹೊಡೆಯುವ ಮುನ್ನ ಕಾಕಾ ಆ ಕರೆಯುವ ಕೂಗು ಹಾಕಿದರೆ, ಎರಡು ಹೊಲದಾಚೆಯ ಕುರುಬ "ಓ..." ಎಂದು ಓಗೊಡಲೇಬೇಕು, ಓಗೊಟ್ಟದ್ದು ಕೇಳಿಸಿತೆನ್ನಲು ಕಾಕಾ ಇನ್ನೊಮ್ಮೆ ಕೂಗಬೇಕು. ಕೂಗಿಗೆ ಉತ್ತರ ಬರದಿದ್ದರೆ ಏನೋ ಆಗಿದೆಯೆಂದೇ ಅರ್ಥ. ಕೋಲು ಹಿಡಿದು ಓಡುವುದೇ. ಅಲ್ಲಿ ಕೂಗನ್ನು ಬರಿದೇ ಬಿಡುವ ರೂಢಿಯಿಲ್ಲ.

ನಾನು ಸುಮ್ಮನಿರುವವನೇ? ಕಾಕಾರ ಕೂಗನ್ನು ಅವರ ಮುಂದೆಯೇ ಕೂಗಿದೆ. ಆಚೆಯ ಕುರುಬ ಓಗೊಟ್ಟ. ಶರಣು ಬೆಚ್ಚಿ ಕಾಕಾರ ಬಾಯಿ ನೋಡಿದ. ಕುರಿಗಳು ತಲೆಯೆತ್ತಿದವು, ನನ್ನನ್ನು ಒಮ್ಮೆ ನೋಡಿದವು, ಮತ್ತೆ ಮೇಯತೊಡಗಿದವು. ಇನ್ನೂರು ಕುರಿಗಳಿಂದ ಒಟ್ಟಿಗೆ ತಿರಸ್ಕೃತನಾದ ಕಲಾವಿದ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಕಾಕಾ ರುಮಾಲು ಜಾರುವಂತೆ ನಕ್ಕರು. "ಮಂದಿ ಮೋಸ ಹೋಗ್ತಾರ, ಕುರಿ ಹೋಗಂಗಿಲ್ಲ. ನನ್ನ ಕೂಗು ನನಗಿರ್ಲಿ, ನಿಂದು ಕೂಗು."

"ನಂದು ಅಂತ ಇಲ್ರಿ ಕಾಕಾ."

"ಗಂಟಲೇ ಇಲ್ದಾಂವಗ ರೊಟ್ಟಿ ಹ್ಯಾಂಗ ಇಳೀತೈತಿ?"

ಕೂಗಿದೆ. ಹೊರಬಂದದ್ದು ನಡುವೆ ಒಡೆದು, ಕೊನೆಯಲ್ಲಿ ಕೀರಲಾದ ಒಂದು ವಸ್ತು. ಮುದಿ ಕುರಿಯೊಂದು ನಾಲ್ಕು ಹೆಜ್ಜೆ ನನ್ನತ್ತ ಬಂದು ನಿಂತಿತು. ಕಾಕಾ ಗಂಭೀರವಾಗಿ, "ಅದಕ್ಕ ನಿನ್ ಮ್ಯಾಲ ಕರುಣಾ ಬಂದೈತಿ" ಎಂದರು.

ಆಮೇಲೆ ಅವರು ಕೂಗಿದರು. ಹೊಲ ಹೊಲವೇ ಎದ್ದು ಬಂದಂತೆ ಕುರಿಗಳು ಬಂದವು. ನಾನು ಬಾಯಿ ತೆರೆದು ನಿಂತೆ, ಈ ಸಲ ಯಾರನ್ನೂ ಅಣಕಿಸಲು ಅಲ್ಲ. ನಾನು ಮೊದಲು ಅಣಕಿಸಿದ ಕೂಗಿಗೂ ಅವರ ಕೂಗಿಗೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ, ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಕಾಲಿನ ಮುಳ್ಳು ತೆಗೆದ ಕೈ, ಮಳೆಯಲ್ಲಿ ಮರಿಯನ್ನು ಎದೆಗೊತ್ತಿಕೊಂಡ ಬಿಸುಪು, ಎಷ್ಟೋ ವರ್ಷಗಳ ನಡಿಗೆಯ ದಣಿವು, ಇವೆಲ್ಲ ಒಂದು ಸ್ವರದೊಳಗೆ ಹೇಗೋ ಹೋಗಿ ಕೂತಿರುತ್ತವೆಂದು, ಅದನ್ನು ಮೂಕಪ್ರಾಣಿ ಅರೆಕ್ಷಣದಲ್ಲಿ ಓದಿಬಿಡುತ್ತದೆಂದು ನನಗೆ ಯಾವ ಶಾಲೆಯೂ ಹೇಳಿರಲಿಲ್ಲ.

ಸುರಪುರದಲ್ಲಿ ಕಾರ್ಯಕ್ರಮ ಬೆಳಗಿನ ಹೊತ್ತು. ಕಂಬಳಿಯಿಂದ ಗಿಟಾರು ಹೊರಬಂದಾಗ ಸಭಾಂಗಣ ನಕ್ಕಿತು. "ಏ, ಬಸ್ ಸ್ಟ್ಯಾಂಡ್ ಮಾಡೋ!" ಎಂದು ಯಾರೋ ಕಿರುಚಿದರು. ನಾನು ಆ ಒಡಕು ದನಿಯಲ್ಲೇ ಹಾಡತೊಡಗಿದೆ. ಶರಣು ಡಬ್ಬಿ ಅಲುಗಾಡಿಸಿದ. ಕೂಗಿನ ಜಾಗ ಬಂತು. ಕೂಗಿದೆ. ಗಿಟಾರು ನಿಂತಿತು.

ಯಾರೂ ಮಿಸುಕಲಿಲ್ಲ. ಸೋತೆನೆಂದುಕೊಂಡೆ. ಬಸ್ ನಿಲ್ದಾಣದ ಘೋಷಣೆ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಒಂದು ಸಾಲು ಬಿಟ್ಟರೆ ಸಭೆ ನಗುತ್ತದೆ, ನಾನು ಬದುಕುತ್ತೇನೆ, ಹಾಡು ಸಾಯುತ್ತದೆ. ಬೀರಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆದೆ.

"ಓ..."

ದನಿ ನನ್ನದಲ್ಲ. ಹಿಂದಿನ ಬಾಗಿಲಲ್ಲಿ ಅತಿಥಿಗಳಿಗೆ ಚಹಾ ತಂದಿದ್ದ ಹೆಂಗಸು ಕೆಟಲ್ಲನ್ನು ನೆಲಕ್ಕಿಟ್ಟು, ಕತ್ತು ಚಾಚಿ, ಹೊಲದಾಚೆಗೆ ಕೇಳಿಸಬೇಕೆಂಬಷ್ಟು ಗಟ್ಟಿಯಾಗಿ ಓಗೊಟ್ಟಿದ್ದಳು. ಇದು ಹಾಡು, ಇದು ಸಭೆ ಎಂಬುದು ಆಮೇಲೆ ನೆನಪಾಗಿರಬೇಕು. "ಅಯ್ಯ ಶಿವನೇ, ಬಾಯಿ ತಪ್ಪಿತ್ರೀ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಾರೂ ನಗಲಿಲ್ಲ. ಎಡಸಾಲಿನಿಂದ ಇನ್ನೊಂದು ಓ ಬಂತು. ಕಿಟಕಿಯ ಬಳಿ ಕೂತ ಹುಡುಗಿಯರಿಂದ ಮತ್ತೊಂದು. ಬಸ್ ಸ್ಟ್ಯಾಂಡ್ ಮಾಡೆಂದು ಕಿರುಚಿದವನಿಂದಲೂ ಒಂದು. ಕುರುಬರ ಹಟ್ಟಿಗಳಿಂದ ಓದಲು ಬಂದವರು ಇಷ್ಟು ಜನ ಆ ಸಭೆಯಲ್ಲಿದ್ದರೆಂದು ಅವರಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲವೇನೋ.

ಓಗೊಟ್ಟ ಮೇಲೆ ಕೂಗಿದವನು ಇನ್ನೊಮ್ಮೆ ಕೂಗಬೇಕು. ಹಾಡಿನಲ್ಲಿ ಅದಿರಲಿಲ್ಲ; ಆದರೂ ಬೀರಣ್ಣ ಗಿಟಾರು ಎತ್ತಿಕೊಳ್ಳದೆ ಕಾದ. ನಾನು ಕಣ್ಣು ಮುಚ್ಚಿ ಕೂಗಿದೆ. ಒಮ್ಮೆ ಕೇಳಿದ ಯಾವ ದನಿಯನ್ನೂ ಮರೆಯದ ನಾನು, ಆಗ ನನ್ನ ಗಂಟಲಿನಿಂದ ಬಂದ ದನಿಯನ್ನು ಅದಕ್ಕೆ ಮೊದಲು ಎಲ್ಲಿಯೂ ಕೇಳಿರಲಿಲ್ಲ.