ಮ್ಯಾಲಕ್ಕ ಅಂದರೆ ಯಾವ ಕಡೆ

ಹಲಗೇರಿಯ ಹೊರಗಿರುವ ತಮ್ಮ ಮನೆಯ ಮುಂದೆ, ಬೇವಿನ ಮರಕ್ಕೂ ಕಾಂಪೌಂಡ್ ಗೋಡೆಗೂ ಒರಗಿಸಿಟ್ಟ ಸೈಕಲ್‌ಗಳನ್ನು ಗುಡದಪ್ಪ ಎರಡನೇ ಸಲ ಎಣಿಸಿದರು. ಹನ್ನೊಂದು. ಬೆಳಿಗ್ಗೆ ಏಳೂವರೆಗೆ ಬ್ಯಾಡಗಿ ರೈಲು ನಿಲ್ದಾಣದಿಂದ ಹೊರಟವು ಹನ್ನೆರಡು. ಈಗ ಹನ್ನೊಂದೂ ಇಪ್ಪತ್ತಾಗಿತ್ತು.

ಪಡಸಾಲೆಯಲ್ಲಿ ಹುಬ್ಬಳ್ಳಿಯ ಸವಾರರು ಕಾಲು ಚಾಚಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದರು. ಒಳಗಿನಿಂದ ಗುಡದಪ್ಪನವರ ಹೆಂಡತಿ ಮುತ್ತವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಹಿಂದ ಯಾರು ಉಳಿದ್ರು?" ಗುಡದಪ್ಪ ಕೇಳಿದರು.

"ನಿರ್ಮಲಾ ಅಕ್ಕಾರು," ಎಂದರು ಅಲ್ಲಾವುದ್ದೀನ. ರಾಣೆಬೆನ್ನೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಅವರೇ ಆ ದಿನ ಮುಂದೆ ಹೋಗಿ ದಾರಿ ತೋರಿಸಿದವರು. "ಚೈನ್ ಬಿದ್ದಿತ್ತು, ಹಾಕಿ ಕೊಟ್ಟೆ. ನೀವು ನಡೀರಿ, ನನ್ನ ಹತ್ರ ದಾರಿ ಹೇಳೂ ಮೆಸೇಜ್ ಐತಿ, ನೋಡ್ಕೋಂತ ಬರ್ತೀನಿ ಅಂದ್ರು. ಬರ್ತಾರ ಬಿಡ್ರಿ ಕಾಕಾ. ಅವರ ಓಟ ನಿಮಗ ಗೊತ್ತಿಲ್ಲ, ಎಮ್ಮಿ ಸೈತ ಅವರನ್ನ ಹಿಂದ ಹಾಕಿ ಹೋಗತೈತಿ."

ಪಡಸಾಲೆಯಲ್ಲಿ ಇಬ್ಬರು ನಕ್ಕರು. ಗುಡದಪ್ಪ ನಗಲಿಲ್ಲ. ನಿರ್ಮಲಾ ಅವರಿಗೆ ಅರವತ್ತೊಂದು ವರ್ಷ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಸೈಕಲ್ ಕಲಿತವರು. ಈ ದಾರಿಗೆ ಹೊಸಬರು. ಅವರ ಫೋನು ಹತ್ತೂ ಮುಕ್ಕಾಲಿಗೆ ರಿಂಗಾಗಿತ್ತು, ಯಾರೂ ಎತ್ತಿರಲಿಲ್ಲ. ಆಮೇಲೆ ಸ್ವಿಚ್ ಆಫ್.

ಈ ದಾರಿ ಗುಡದಪ್ಪನವರದು. ನಿವೃತ್ತಿಗೆ ಮೊದಲಿನ ಹದಿನಾಲ್ಕು ವರ್ಷ ಅವರು ಕಾಲುವೆಯ ನೀರಗಂಟಿ. ಯಾವ ತೂಬು ಎಷ್ಟು ಹೊತ್ತಿಗೆ ತೆರೆಯಬೇಕು, ಯಾವ ಹೊಲಕ್ಕೆ ಎಷ್ಟು ನೀರು ಹೋಗಬೇಕು ಎಂದು ನೋಡುತ್ತ, ಕಾಲುವೆ ಒಡ್ಡಿನ ಮೇಲೆ ಕರಿ ಸೈಕಲ್ ತುಳಿಯುವುದೇ ಕೆಲಸ. ಹುಬ್ಬಳ್ಳಿಯ ಸೈಕಲ್ ಕ್ಲಬ್ಬಿನವರು ಗಾಡಿ ಓಡಾಡದ ದಾರಿ ಹುಡುಕುತ್ತಿದ್ದಾರೆ ಎಂದು ಅಲ್ಲಾವುದ್ದೀನ ಹೇಳಿದಾಗ, ಗುಡದಪ್ಪ ಬಾಯಿಮಾತಿನಲ್ಲಿ ಹೂಂ ಅನ್ನಲಿಲ್ಲ. ಮೂರು ದಿನ ಒಂದು ಸೇತುವೆಯ ಕಟ್ಟೆ ಮೇಲೆ ಕುಳಿತು ಹೊಲಗಳಿಂದ ಬಂದು ಕಾಲುವೆ ದಾಟುವ ಗಾಡಿಗಳನ್ನು ಎಣಿಸಿದರು. ಎರಡು ಟ್ರ್ಯಾಕ್ಟರ್, ಮೂರು ಬೈಕು. ಬ್ಯಾಡಗಿಯಿಂದ ಹಲಗೇರಿಗೆ ಇಪ್ಪತ್ತೇಳು ಕಿಲೋಮೀಟರು; ಹೆದ್ದಾರಿಯ ಲಾರಿ ಸದ್ದು ಕೂಡ ಕೇಳುವುದಿಲ್ಲ. ಒಡ್ಡಿನ ದಾರಿಯ ಬಾಯಿಗೆ ಹೂತಿಟ್ಟ ಕಲ್ಲುಕಂಬಗಳ ನಡುವೆ ಸೈಕಲ್ ನುಸುಳುತ್ತದೆ, ಕಾರು ನುಸುಳುವುದಿಲ್ಲ. ಕ್ಲಬ್ಬಿನವರಿಗೆ ಅದೇ ಬಹಳ ಹಿಡಿಸಿತ್ತು. ಇದು ಮೊದಲ ಸವಾರಿ. ಚೆನ್ನಾಗಿ ಆದರೆ ತಿಂಗಳಿಗೊಮ್ಮೆ ಬರುತ್ತೇವೆ ಎಂದಿದ್ದರು.

ಹನ್ನೊಂದೂವರೆಗೆ, ಹುಬ್ಬಳ್ಳಿಯಲ್ಲಿ ಕಣ್ಣಿನ ಡಾಕ್ಟರಾಗಿರುವ ಸಿದ್ದಲಿಂಗೇಶ ಮಜ್ಜಿಗೆ ಲೋಟ ಕೆಳಗಿಟ್ಟರು. "ಆ ತೂಬಿನ ಹತ್ರ ನನಗೂ ಗೊಂದಲ ಆಗಿತ್ತು ನೋಡ್ರಿ. ಮೆಸೇಜಿನ್ಯಾಗ ಮ್ಯಾಲಕ್ಕ ಹೊಳ್ಳ್ರಿ ಅಂತ ಐತಿ. ನಾವೆಲ್ಲಾ ಅಲ್ಲಾವುದ್ದೀನ ಅವರು ಎಡಕ್ಕ ಹೊಳ್ಳಿದ್ರು ಅಂತ ಹೊಳ್ಳಿದ್ವಿ. ಇಲ್ಲಂದ್ರ ಗುಡ್ಡ ಹತ್ತಿಬಿಡ್ತಿದ್ವಿ."

ಗುಡದಪ್ಪ ಚಷ್ಮಾ ಹಾಕಿಕೊಂಡು ಸೊಸೆ ಶೈಲಾಳ ಫೋನು ಇಸಿದುಕೊಂಡರು. ಮಾವ ಹೇಳಿದ್ದನ್ನು ಒಂದಕ್ಷರ ಬಿಡದೆ ಅವಳೇ ಬರೆದು ಸವಾರರಿಗೆಲ್ಲ ಕಳಿಸಿದ್ದಳು. 'ಹದಿನಾಲ್ಕನೇ ತೂಬಿಗೆ ಕಾಲುವಿ ಸಿಗತೈತಿ. ಅಲ್ಲಿಂದ ಮ್ಯಾಲಕ್ಕ ಹೊಳ್ಳ್ರಿ.'

ಕಾಲುವೆಯವರಿಗೆ ಮ್ಯಾಲೆ ಅಂದರೆ ನೀರು ಬರುವ ಕಡೆ, ಕೆಳಗೆ ಅಂದರೆ ನೀರು ಹೋಗುವ ಕಡೆ. ನೆಲ ಏರಿದೆಯೋ ಇಳಿದಿದೆಯೋ, ಅದು ಲೆಕ್ಕಕ್ಕಿಲ್ಲ. ಹದಿನಾಲ್ಕನೇ ತೂಬಿನಲ್ಲಿ ನೀರು ಬರುವುದು ಎಡಗಡೆಯಿಂದ. ಆ ದಾರಿ ಅಂಗೈಯಷ್ಟು ಸಪಾಟು. ನೀರು ಹೋಗುವ ಬಲಗಡೆ ಒಂದು ಗುಡ್ಡ ಅಡ್ಡ ಬರುತ್ತದೆ. ಕಾಲುವೆ ಗುಡ್ಡವನ್ನು ಸೀಳಿಕೊಂಡು ಆಳದಲ್ಲಿ ಹರಿಯುತ್ತದೆ, ದಾರಿ ಗುಡ್ಡದ ಮೇಲೆ ಹತ್ತುತ್ತದೆ. ಗುಡದಪ್ಪನವರ ಬಾಯಲ್ಲಿ ಅದು 'ಕೆಳಗಿನ ದಾರಿ'. ಅಕ್ಟೋಬರಿನ ಮಳೆಗೆ ಆ ನೆತ್ತಿಯ ಮೇಲೆ ಎರಡು ಮಾರು ದಾರಿ ಕುಸಿದು ಕಾಲುವೆಗೆ ಬಿದ್ದಿತ್ತು. ಗುರುವಾರ ಅವರೇ ನೋಡಿ ಬಂದಿದ್ದರು. ಸವಾರರು ಆ ಕಡೆ ಹೋಗುವುದಿಲ್ಲವಲ್ಲ ಎಂದು ಒಂದು ಜಾಲಿ ಟೊಂಗೆಯನ್ನೂ ಅಡ್ಡ ಹಾಕಿರಲಿಲ್ಲ.

"ಸುಣ್ಣದ ಬಾಣ ಬರ್ದಿದ್ನೆಲ್ಲ ತೂಬಿನ ಹತ್ರ," ಎಂದರು, ಅರ್ಧ ತಮಗೇ.

"ಬಾಣ ಇತ್ತು ಕಾಕಾ. ಮುಂದಿದ್ದ ನಾ ನೋಡೇನಿ," ಎಂದ ಅಲ್ಲಾವುದ್ದೀನರ ದನಿಯಲ್ಲಿ ಮೊದಲಿನ ನಗೆ ಇರಲಿಲ್ಲ.

ಮುತ್ತವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. "ಎಲ್ಲಿಗೆ ಹೊಂಟ್ರಿ? ಎಲಿ ಹಾಕೂ ಹೊತ್ತಿಗೆ?"

"ಅವರಿಗೆಲ್ಲಾ ಬಡಸು. ನಾ ಬರ್ತೇನಿ."

ತೂಬಿಗೆ ಆರು ಕಿಲೋಮೀಟರು. ಕಲ್ಲುಕಂಬಗಳಿಂದಾಗಿ ಬೈಕೂ ಉಪಯೋಗಕ್ಕೆ ಬರುವಂತಿರಲಿಲ್ಲ. ಅದರ ಅಗಲ ಹ್ಯಾಂಡಲ್ಲು ನಡುವೆ ಸಿಕ್ಕಿಬೀಳುತ್ತದೆ. ಗುಡದಪ್ಪ, ಅಲ್ಲಾವುದ್ದೀನ ಇಬ್ಬರೂ ಸೈಕಲ್ ಹತ್ತಿದರು. ಕಾಲುವೆ ದಡ ಮುಟ್ಟಿ ಹರಿಯುತ್ತಿತ್ತು. ಬುಧವಾರ ನೀರು ಬಿಟ್ಟಿದ್ದರು. ಎಡಬಲ ಹೊಲಗಳಲ್ಲಿ ಒಬ್ಬರೂ ಕಾಣಲಿಲ್ಲ. ಯಾರನ್ನಾದರೂ ಕೇಳೋಣ ಎಂದರೆ ಬೆಳ್ಳಕ್ಕಿಗಳ ಹೊರತು ಜೀವವಿಲ್ಲ. ಈ ದಾರಿಯನ್ನು ಆರಿಸಿದ್ದೇ ಅದಕ್ಕೆ.

ಗುಡದಪ್ಪ ನೀರನ್ನೇ ನೋಡುತ್ತ ತುಳಿದರು. ಕಾಲುವೆಯ ಗೋಡೆ ಇಳಿಜಾರು, ನುಣುಪು. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಅವರು ಎಷ್ಟೋ ಕುರಿ, ಆಕಳು ಎತ್ತಿಸಿದ್ದರು. ಇಬ್ಬರು ಮನುಷ್ಯರನ್ನೂ. ಬಿದ್ದ ಜಾಗದಲ್ಲಿ ಯಾರೂ ಸಿಕ್ಕಿರಲಿಲ್ಲ. ತೂಬಿನ ಜಾಲರಿಗೆ ಬಂದು ಸಿಕ್ಕಿಕೊಂಡಿದ್ದರು.

ಹದಿನಾಲ್ಕನೇ ತೂಬಿನ ಬಳಿ ಸಿಮೆಂಟಿನ ಚೊಕ್ಕ ನೆಲವಿದೆ. ಗುಡದಪ್ಪ ಬಾಣ ಬರೆದದ್ದು ಅದರ ಮೇಲೆ. ಈಗ ಬಾಣ ಕಾಣಲಿಲ್ಲ. ಇಡೀ ನೆಲದ ಮೇಲೆ ಗೋವಿನಜೋಳ ಹರವಿತ್ತು. ಪಕ್ಕದ ಹೊಲದ ಚೌಡವ್ವ ಬರಿಗಾಲಲ್ಲಿ ಕಾಳು ಕೆದರುತ್ತ ನಿಂತಿದ್ದರು.

"ಯಾವಾಗ ಹರವಿದಿಬೇ ಇದನ್ನ?" ಗುಡದಪ್ಪ ಕೇಳಿದರು.

"ಸೈಕಲ್ ಹಿಂಡು ಹೋದ ಮ್ಯಾಲ. ಇನ್ನ ಯಾರ್ ಬರ್ತಾರ ಇಲ್ಲೆ ಅಂತ ಹರವಿದೆ. ಯಾಕ?"

"ಹಿಂದ ಒಬ್ಬ ಅಕ್ಕಾರು ಬಂದ್ರೇನು?"

"ಬಂದಿದ್ಲಲ್ಲ, ಟೊಪಗಿ ಹಾಕ್ಕೊಂಡು. ಪಾಪ, ಕಾಳು ತುಳೀಬಾರದಂತ ಇಳದು ಸೈಕಲ್ ಎತ್ತಿಕೊಂಡು ದಾಟಿದ್ಲು. ಮ್ಯಾಲಕ್ಕ ಅಂದ್ರ ಯಾವ ಕಡಿ ಅಂತ ಕೇಳಿದ್ಲು. ಗುಡ್ಡ ತೋರ್ಸಿದೆ." ಚೌಡವ್ವ ಅವರ ಮುಖ ನೋಡಿ ಕಾಲು ನಿಲ್ಲಿಸಿದರು. "ಗುಡ್ಡಾನ ಅಲ್ಲೇನಪ್ಪಾ ಮ್ಯಾಲ ಇರೂದು?"

ಗುಡದಪ್ಪ ಮೊದಲು ತೂಬಿನ ಜಾಲರಿಯತ್ತ ನಡೆದರು, ಅಷ್ಟರಲ್ಲೇ ನಿಂತರು. ಗುಡ್ಡದಲ್ಲಿ ಬಿದ್ದದ್ದು ಇಲ್ಲಿಗೆ ಬರುವುದಿಲ್ಲ, ನೀರು ಅತ್ತ ಹೋಗುತ್ತದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರಿಗೆ ದಿಕ್ಕು ತಪ್ಪಿತ್ತು.

ಏರಿನ ಮೇಲೆ ಸೈಕಲ್ ತಳ್ಳಿಕೊಂಡು ಓಡಿದರು. ನೆತ್ತಿಗೆ ಹತ್ತು ಹೆಜ್ಜೆ ಇರುವಾಗ ಅಲ್ಲಾವುದ್ದೀನ ನಿಂತುಬಿಟ್ಟರು. ಕುಸಿದ ಅಂಚಿನಲ್ಲಿ ಒಂದು ನೀಲಿ ಸೈಕಲ್ ಅಡ್ಡ ಬಿದ್ದಿತ್ತು. ಮುಂದಿನ ಗಾಲಿ ಬಿರುಕಿನಲ್ಲಿ ಸಿಕ್ಕಿತ್ತು. ಸುತ್ತ ಯಾರೂ ಇಲ್ಲ. ಕೆಳಗೆ, ಸೀಳಿದ ಬಂಡೆಗಳ ನಡುವೆ, ನೀರು ಸದ್ದಿಲ್ಲದೆ ಓಡುತ್ತಿತ್ತು.

"ಅಕ್ಕಾರ," ಅಲ್ಲಾವುದ್ದೀನ ಕೂಗಿದರು.

"ಇಲ್ಲೇ ಅದೇನಿ." ದನಿ ಹಿಂದಿನಿಂದ ಬಂತು, ಹೊಲದ ಕಡೆಯಿಂದ.

ಬಂಡೆಯ ನೆರಳಿನಲ್ಲಿ ನಿರ್ಮಲಾ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಮಣಿಕಟ್ಟು ಊದಿ ಓರೆಯಾಗಿತ್ತು. ಗಾಲಿ ಸಿಕ್ಕಾಗ ಅವರು ಬಿದ್ದದ್ದು ದಾರಿಯ ಕಡೆಗೆ. ಕಿಸೆಯಲ್ಲಿದ್ದ ಫೋನು ಬಿದ್ದದ್ದು ಕಾಲುವೆಯ ಕಡೆಗೆ.

"ಎದ್ರ ಕಣ್ಣಿಗೆ ಕತ್ತಲಿ ಬರ್ತಿತ್ತು. ಒಂದು ತಾಸು ಕುಂತಲ್ಲೇ ಒದರಿದೆ," ಎಂದರು ನಿರ್ಮಲಾ. "ನಿಮ್ಮ ದಾರಿ ಭಾಳ ಶಾಂತ ಐತ್ರಿ."

ಗುಡದಪ್ಪ ಹೆಗಲ ಮೇಲಿನ ಟವೆಲ್ಲು ಬಿಚ್ಚಿ ಅವರ ಕೈಯನ್ನು ಕೊರಳಿಗೆ ಕಟ್ಟಿದರು. ಗಂಟನ್ನು ಎರಡು ಸಲ ಬಿಚ್ಚಿ ಕಟ್ಟಬೇಕಾಯಿತು. ಅಲ್ಲಾವುದ್ದೀನ ಆಂಬುಲೆನ್ಸಿಗೆ ಫೋನು ಮಾಡಿದರು. ಕಲ್ಲುಕಂಬ ಇವೆ, ಒಳಗೆ ಬರಲು ಆಗುವುದಿಲ್ಲ, ನೀವೇ ಡಾಂಬರು ರಸ್ತೆಗೆ ಕರೆತನ್ನಿ ಎಂದರು ಅತ್ತಲಿಂದ. ನಿರ್ಮಲಾ ಇಬ್ಬರ ಆಸರೆಯಲ್ಲಿ ತೂಬಿನವರೆಗೆ ನಡೆದರು. ಅಲ್ಲಿಂದ ಚೌಡವ್ವನ ಜೋಳ ತುಂಬಲು ಹೊಲದೊಳಗಿನಿಂದ ಬಂದಿದ್ದ ಟ್ರ್ಯಾಕ್ಟರ್ ಅವರನ್ನು ಡಾಂಬರು ರಸ್ತೆಗೆ ಮುಟ್ಟಿಸಿತು. ಗುಡದಪ್ಪ ಮೂರು ದಿನ ಕುಳಿತು ಎಣಿಸಿದ್ದ ಎರಡು ಟ್ರ್ಯಾಕ್ಟರ್‌ಗಳಲ್ಲಿ ಅದೂ ಒಂದು.

ಟ್ರೇಲರಿನಲ್ಲಿ, ಚೀಲಗಳ ಮೇಲೆ ಕುಳಿತು, ಗುಡದಪ್ಪ ಒಮ್ಮೆ ಬಾಯಿ ಬಿಟ್ಟರು. "ಅಕ್ಕಾರ, ನಮ್ಮ ಮಂದಿ ಮ್ಯಾಲಕ್ಕ ಅಂದ್ರ ನೀರು ಬರೂ ಕಡಿ."

"ಮೊದಲ ಹೇಳಬೇಕಿತ್ರಿ," ಎಂದರು ನಿರ್ಮಲಾ. ಆಮೇಲೆ ರಾಣೆಬೆನ್ನೂರಿನ ಆಸ್ಪತ್ರೆ ಬರುವವರೆಗೆ ಕಣ್ಣು ಮುಚ್ಚಿಕೊಂಡರು.

ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರ್ ಎಂದರು. ಹುಬ್ಬಳ್ಳಿಯ ಉಳಿದ ಹತ್ತು ಜನ ಮುತ್ತವ್ವನ ರೊಟ್ಟಿ ಉಂಡು ಸಂಜೆ ರೈಲಿಗೆ ಹೋದರು. ಮುಂದಿನ ತಿಂಗಳ ಮಾತು ಯಾರೂ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಗುಡದಪ್ಪ ಗುಡ್ಡದ ದಾರಿಗೆ ಜಾಲಿ ಮುಳ್ಳು ಎಳೆದು ಹಾಕಿದರು. ಹದಿನಾಲ್ಕನೇ ತೂಬಿನ ಗೋಡೆಯ ಮೇಲೆ ಹಳದಿ ಪೇಂಟಿನಲ್ಲಿ ಎಡಕ್ಕೊಂದು ಬಾಣ ಬರೆದರು. ಗೋಡೆಯ ಮೇಲೆ ಜೋಳ ಹರವಲು ಬರುವುದಿಲ್ಲ. ಬಾಣದ ಕೆಳಗೆ 'ಮ್ಯಾಲಕ್ಕ' ಎಂದು ಬರೆಯಲು ಬ್ರಷ್ ಎತ್ತಿ, ಬರೆಯದೆ ಇಳಿಸಿದರು.

ಈ ದಾರಿಯನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಕ್ಲಬ್ಬಿನವರು ಬರುವ ಭಾನುವಾರ ಹುಬ್ಬಳ್ಳಿಯಲ್ಲಿ ಸೇರಿ ತೀರ್ಮಾನಿಸುತ್ತಾರೆ. ಗುಡದಪ್ಪನವರನ್ನೂ ಕರೆದಿದ್ದಾರೆ, ಅವರು ಬೆಳಗಿನ ರೈಲಿಗೆ ಹೋಗುತ್ತಾರೆ.