ಕಣ್ಣು ನೋಡಿ ಹೇಳು

ನನ್ನ ಮಾವ ಬದುಕಿಡೀ ಎದುರಿಗೆ ನಿಂತವರಿಗೆ ಸಾವಿನ ಸುದ್ದಿ ಹೇಳಿದವರು. ಅವರ ಸಾವಿನ ಸುದ್ದಿಯನ್ನು ಅವರಿಗೆ ಹೇಳುವ ಗಂಡಸು ಮಾತ್ರ ನಮ್ಮ ಮನೆಯಲ್ಲಿ ಒಬ್ಬನೂ ಇರಲಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವರು ರೇಡಿಯೊ ನಾಟಕಗಳ ಖಳನಾಯಕ. ಬೀದಿಯವರು ಇಟ್ಟ ಹೆಸರು ಗುಡುಗಪ್ಪ. ಮೈಕಿನ ಮುಂದೆ ‘ನಿನ್ನ ಆಯುಷ್ಯ ಮುಗಿಯಿತು’ ಎಂದರೆ ಕೇಳುವವರ ಕೈಯಲ್ಲಿನ ಲೋಟ ಅಲ್ಲೇ ನಿಲ್ಲುತ್ತಿತ್ತು. ಮನೆಯಲ್ಲಿ ಮಾತ್ರ ಒಂದು ಲೋಟ ನೀರು ಕೇಳಿದರೂ ಎರಡು ಸಲ ಹೇಳಿಸಿಕೊಳ್ಳಬೇಕು, ಅಷ್ಟು ಮೆತ್ತಗೆ ಮಾತು. ಸೊಸೆಯಾಗಿ ಬಂದ ಹೊಸದರಲ್ಲಿ, ಈ ಮನುಷ್ಯ ಗುಡುಗನ್ನು ಎಲ್ಲಿ ಬಚ್ಚಿಟ್ಟಿದ್ದಾರೆ ಎಂದು ನಾನು ಹುಡುಕುತ್ತಿದ್ದೆ.

ಅದಿದ್ದದ್ದು ಸ್ಟುಡಿಯೊದಲ್ಲಿ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ, ಸದ್ದಾಗುತ್ತದೆಂದು ಫ್ಯಾನು ಕೂಡ ಹಾಕುವಂತಿಲ್ಲ. ಎಲ್ಲರೂ ಬೆವರೊರೆಸಿಕೊಳ್ಳುತ್ತ, ಓದಿ ಮುಗಿದ ಹಾಳೆಗಳನ್ನು ಒಂದೊಂದಾಗಿ ಮೆಲ್ಲಗೆ ನೆಲಕ್ಕೆ ಬಿಡುತ್ತಿದ್ದರು. ಆ ಒಂದು ಮಾತಿನ ಸರದಿ ಬಂದಾಗ ಮಾವ ಚಪ್ಪಲಿ ಬಿಟ್ಟರು, ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು, ಎದುರಿನ ನಟನ ಕಣ್ಣನ್ನೇ ನೋಡಿದರು. ಆ ನಟನ ಕಣ್ಣು ಹಾಳೆಯ ಮೇಲಿತ್ತು. ಮಾವ ರೆಕಾರ್ಡಿಂಗನ್ನೇ ನಿಲ್ಲಿಸಿಬಿಟ್ಟರು. ರೇಡಿಯೊದಲ್ಲಿ ಕಣ್ಣು ಯಾರಿಗೆ ಕಾಣುತ್ತದೆ ಎಂದು ನಿರ್ದೇಶಕರು ತಲೆ ಚಚ್ಚಿಕೊಂಡರು. ಇವರು ಜಗ್ಗಲಿಲ್ಲ.

ಹೊಸದಾಗಿ ಬಂದ ನಾಟಕಕಾರನೊಬ್ಬ ಒಮ್ಮೆ ಆ ಮಾತನ್ನೇ ಹೊಡೆದು ಹಾಕಿದ್ದ. ಕೊಲ್ಲುವವನು ಯಾವನಾದರೂ ಮೊದಲೇ ಹೇಳಿ ಕೊಲ್ಲುತ್ತಾನೆಯೇ, ಭಾಷಣ ಮುಗಿಯುವಷ್ಟರಲ್ಲಿ ನಾಯಕ ತಪ್ಪಿಸಿಕೊಳ್ಳುತ್ತಾನೆ, ಖಳನಿಗೆ ತಲೆಯಲ್ಲಿ ಮಿದುಳಿಲ್ಲವೇ ಎಂದು ಅವನ ವಾದ. ಅಂದು ಮಾವ ಊಟ ಬಿಟ್ಟು ಜಗಳಕ್ಕೆ ನಿಂತರಂತೆ.

“ಹೇಳದೆ ಕೊಲ್ಲೋದು ಚೇಳು. ನಾನು ಕೆಟ್ಟವನಿರಬಹುದು, ಚೇಳಲ್ಲ,” ಎಂದಿದ್ದರಂತೆ. “ಸಾಯೋನು ಅವನು. ಅವನಿಗೇ ಗೊತ್ತಿಲ್ಲ ಅಂದ್ರೆ ಹೇಗೆ?”

ಮಾತು ನಾಟಕಕ್ಕೆ ವಾಪಸು ಬಂತು.

ಅಂಥವರಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ನನ್ನ ಗಂಡನನ್ನೂ ಮೈದುನನನ್ನೂ ಬಾಗಿಲಾಚೆ ಕರೆದು, ಇನ್ನು ಕೆಲವೇ ತಿಂಗಳು ಎಂದರು. ಹೊಟ್ಟೆ ಒಬ್ಬರದು, ಸುದ್ದಿ ಇನ್ನೊಬ್ಬರಿಗೆ. ಒಳಗೆ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದವರಿಗೆ ಅಣ್ಣತಮ್ಮಂದಿರು ಬರೀ ಹುಣ್ಣು, ಮಾಯುತ್ತದೆ ಎಂದು ಹೇಳಿದರು. ನನಗೂ ಅಷ್ಟೇ ಹೇಳಿದರು. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವಂತೆ. ಹೌದು, ನಿಲ್ಲುವುದಿಲ್ಲ. ಇಂಥ ಗುಟ್ಟು ಯಾರ ಬಾಯಲ್ಲೂ ನಿಲ್ಲಬಾರದು.

ಆಗ ಅವರ ಧಾರಾವಾಹಿಯೊಂದು ಮುಗಿಯುತ್ತ ಬಂದಿತ್ತು. ಮೊದಲಿನಿಂದ ಹೊಂಚು ಹಾಕಿದ ಖಳ ಕೊನೆಗೂ ನಾಯಕನ ಎದುರು ನಿಂತು ಆ ಮಾತು ಹೇಳುವ ಕಂತು ಮಾತ್ರ ಬಾಕಿ. ಅದೊಂದನ್ನು ಮಾಡಿ ಮುಗಿಸಬೇಕೆಂದು ಮಾವನಿಗೆ ಜೀವ ತುಡಿಯುತ್ತಿತ್ತು. ಊಟದ ತಟ್ಟೆ ಮುಂದಿಟ್ಟರೂ ಗೋಡೆ ನೋಡುತ್ತ ಅದನ್ನೇ ಅಭ್ಯಾಸ ಮಾಡುತ್ತಿದ್ದರು. ನಾಳೆ ಹೋಗಿಬರುತ್ತೇನೆ ಎಂದಾಗಲೆಲ್ಲ ನನ್ನ ಗಂಡ, ಅವಸರವೇನು, ಹುಷಾರಾದ ಮೇಲೆ ಹೋದರಾಯಿತು, ಸ್ಟುಡಿಯೊದವರು ಕಾಯುತ್ತಾರೆ ಎನ್ನುತ್ತಿದ್ದ. ದಿನ ಕಳೆದಂತೆ ಮಾವನ ದನಿ ಕುಗ್ಗುತ್ತ ಬಂತು. ಅವರು ಯಾರೂ ಕಾಯುತ್ತಿರಲಿಲ್ಲವೆಂದು ನನಗೆ ಗೊತ್ತಾದದ್ದು ಆಮೇಲೆ. ಬೇರೆಯವರನ್ನು ನೋಡಿಕೊಳ್ಳಿ ಎಂದು ಸ್ಟುಡಿಯೊಗೆ ಹೇಳಿ ಬಂದವನು ನನ್ನ ಗಂಡನೇ. ಕೆಟ್ಟಿದೆ ಎಂದು ಮನೆಯ ರೇಡಿಯೊವನ್ನು ಅಟ್ಟಕ್ಕೇರಿಸಿದವನೂ ಇವನೇ.

ಒಂದು ಮಧ್ಯಾಹ್ನ ಮಾವನನ್ನು ಮೆಲ್ಲಗೆ ನಡೆಸಿಕೊಂಡು ಕ್ಷೌರದಂಗಡಿಗೆ ಹೋದೆ. ಗಡ್ಡಕ್ಕೆ ನೊರೆ ಹಚ್ಚಿ ಆಗಿತ್ತು. ಕನ್ನಡಿಯ ಪಕ್ಕದ ರೇಡಿಯೊದಲ್ಲಿ ಅದೇ ಧಾರಾವಾಹಿ ಶುರುವಾಯಿತು. ಮಾವನ ಖಳ ಮಾತಾಡಿದ, ಇನ್ನಾರದೋ ದನಿಯಲ್ಲಿ: ನಿನ್ನ ಆಯುಷ್ಯ ಮುಗಿಯಿತು. ಕ್ಷೌರಿಕನ ಕೈ ನಿಂತುಹೋಯಿತು. ಇದು ನೀವಲ್ಲವಲ್ಲ ಎಂದ. ಮಾವ ಕನ್ನಡಿಯೊಳಗಿಂದ ನನ್ನನ್ನು ನೋಡಿದರು. ನನ್ನ ಮುಖ ಕಂಡು ನನಗೂ ಏನೂ ಗೊತ್ತಿಲ್ಲವೆಂದು ಅವರಿಗೆ ತಿಳಿಯಿತು. ಕೆಲಸ ಪೂರ್ತಿ ಮಾಡಪ್ಪ ಎಂದು ಕ್ಷೌರಿಕನಿಗೆ ಹೇಳಿದರು. ದಾರಿಯಲ್ಲಿ ಆಡಿದ್ದು ಒಂದೇ ಮಾತು, ಆ ನಟ ಹಾಳೆ ನೋಡಿ ಓದುತ್ತಿದ್ದ ಎಂದು.

ಸಂಜೆ ನನ್ನ ಗಂಡ ಒಳಗೆ ಕಾಲಿಡುತ್ತಲೇ ಮಾವ ಅವನನ್ನು ಕುರ್ಚಿಯ ಮುಂದೆ ನಿಲ್ಲಿಸಿಕೊಂಡು, ನನ್ನ ಪಾತ್ರ ಬೇರೆಯವನಿಗೆ ಯಾಕೆ ಹೋಯಿತು ಎಂದು ಕೇಳಿದರು. ಅವನು ಸುಸ್ತು, ವಿಶ್ರಾಂತಿ, ಮುಂದಿನ ನಾಟಕ ಎಂದೇನೇನೋ ತೊದಲಿದ.

“ನಾನು ಒಬ್ಬನಿಗೂ ಬೆನ್ನ ಹಿಂದೆ ಹೇಳ್ದೋನಲ್ಲ,” ಎಂದರು ಮಾವ. “ಹೇಳಿಬಿಟ್ರೆ ನಾಟಕದ ಹೀರೋ ಥರ ತಪ್ಪಿಸ್ಕೊಂಡು ಹೋಗ್ತೀನಿ ಅಂತ ಹೆದರಿದ್ಯಾ?”

ಇವನು ನೆಲ ನೋಡಿದ. ನನ್ನ ಸಿಟ್ಟು ನೆತ್ತಿಗೇರಿತ್ತು. ಅದೇನಿದೆಯೋ ಈಗಲೇ ಹೇಳಿಬಿಡಿ ಎಂದೆ. ಅವನು ಬಾಗಿಲ ಕಡೆ ಮುಖ ಮಾಡಿಕೊಂಡು ಡಾಕ್ಟರು ಏನು ಹೇಳಿದರೆಂದರೆ ಎಂದು ಶುರುಮಾಡಿದ.

“ಅಲ್ಲಿ ಯಾರಿದ್ದಾರೆ?” ಎಂದರು ಮಾವ. “ಚಪ್ಪಲಿ ಬಿಡು. ಕಣ್ಣು ನೋಡಿ ಹೇಳು.”

ಅವನು ಚಪ್ಪಲಿ ಬಿಟ್ಟ. ಅಪ್ಪನ ಕಣ್ಣು ನೋಡಿದ.

“ಅಪ್ಪ, ನೀವು ಉಳಿಯಲ್ಲ,” ಎಂದ. ಕೊನೆಗೆ ದನಿ ಒಡೆಯಿತು.

“ನುಂಗಬೇಡ. ಇನ್ನೊಂದ್ಸಲ.”

ಅವನು ಇನ್ನೊಂದು ಸಲ ಪೂರ್ತಿಯಾಗಿ ಹೇಳಿದ. ಮಾವ ತಲೆಯಾಡಿಸಿದರು. ಮಗನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಆಮೇಲೆ ಏನೋ ಹೇಳಿದರು, ಕೇಳಿಸಲಿಲ್ಲ. ಇಬ್ಬರೂ ಅವರ ಬಾಯಿಯ ಹತ್ತಿರ ಬಗ್ಗಿದೆವು.

“ಅವತ್ತೇ ಹೇಳಿದ್ರೆ ನನಗೆ ದನಿ ಇತ್ತು ಕಣೋ.”