ಕೊಳೆಬಟ್ಟೆಯ ಚೀಲದಲ್ಲಿ ಹೋದ ಲಿಂಗ

ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಕೊರಳಿನಿಂದ ದೇವರನ್ನು ಇಳಿಸಿದರು. ಉಂಗುರ, ಬಳೆ, ಸರ, ದಾರ ಏನೂ ಮೈಮೇಲೆ ಇರಕೂಡದು, ಸೋಂಕು ಹರಡುತ್ತದೆ ಎಂಬುದು ಇಲ್ಲಿಯ ನಿಯಮ. ತಪ್ಪೇನಲ್ಲ. ಆದರೆ ನಮ್ಮೂರು ಕಲ್ಲೋಳಿಯಲ್ಲಿ ಮಠದ ಅಯ್ಯನೋರು ಕಟ್ಟಿದ ದಿನದಿಂದ ನನ್ನ ಇಷ್ಟಲಿಂಗ ಸ್ನಾನಕ್ಕೂ ನಿದ್ದೆಗೂ ಎದೆ ಬಿಟ್ಟು ಕದಲಿರಲಿಲ್ಲ. ಈಗ ಅದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ, ಆಸ್ಪತ್ರೆಯ ಕಪಾಟಿನಲ್ಲಿಟ್ಟು ವಾರ್ಡಿಗೆ ಹೋಗುತ್ತೇನೆ. ಎಂಟು ತಾಸು ಎದೆ ಬರಿದು.

ಉಳಿದ ಕಿರಿಕಿರಿ ಹೇಳಿದರೆ ನಗುತ್ತೀರಿ. ಕಸವನ್ನು ನಾಲ್ಕು ಡಬ್ಬಿಗೆ ಹಂಚಬೇಕು, ತಪ್ಪಿದರೆ ಬಾಗಿಲಿಗೆ ಚೀಟಿ ಅಂಟುತ್ತದೆ. ಕರೆಂಟಿನ ಒಲೆಯ ಮೇಲೆ ಜೋಳದ ರೊಟ್ಟಿ ಉಬ್ಬುವುದಿಲ್ಲ. ಸರಕಾರಿ ಕಚೇರಿಗೆ ಇಲ್ಲಿ ‘ಆಮ್ಟ್’ ಅನ್ನುತ್ತಾರೆ. ವರ್ಷ ತುಂಬುವ ಹೊತ್ತಿಗೆ ಅಲ್ಲಿಂದ ನನ್ನ ವೀಸಾ ವಿಸ್ತರಣೆಯ ಅರ್ಜಿ ಮೂರನೆಯ ಸಲ ವಾಪಸ್ ಬಂತು. ಮರುದಿನ ಬೆಳಗಿನ ಪೂಜೆಯಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಜಗಳ ತೆಗೆದೆ.

“ನೀ ನನ್ನ ಕೂಡ ಬಂದೇ ಇಲ್ಲ. ಅಲ್ಲೇ ಕಲ್ಲೋಳ್ಯಾಗ ಕುಂತಿ,” ಅಂದೆ.

ಜಗಳದಲ್ಲಿ ಹೊತ್ತಾಗಿ ಬಸ್ಸಿಗೆ ಓಡಿದೆ. ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವ ಅವಸರದಲ್ಲಿ ಗಂಟನ್ನು ಕಪಾಟಿನ ಬದಲು ಸಮವಸ್ತ್ರದ ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನ ಮನೆಗೆ ಬಂದು, ಸ್ನಾನ ಮಾಡಿ, ಉಣ್ಣುವ ಮುಂಚೆ ಪೂಜೆಗೆಂದು ಹುಡುಕಿದರೆ ಲಿಂಗ ಇಲ್ಲ. ಸಮವಸ್ತ್ರವನ್ನು ಆಸ್ಪತ್ರೆಯ ಕೊಳೆಬಟ್ಟೆಯ ಚೀಲಕ್ಕೆ ಎಸೆದು ಬಂದಿದ್ದೆ.

ಹಿಂದಿನವರು ಲಿಂಗ ಕಳೆದುಕೊಂಡರೆ ಜೀವ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಈಗ ಅಯ್ಯನೋರು ಬೇರೆ ಲಿಂಗ ಕೊಡುತ್ತಾರೆ, ಗೊತ್ತು. ಆದರೂ ಬೆಳಗಿನ ಮಾತಿಗೆ ಮುನಿಸಿಕೊಂಡು ಆ ಶಿವನೇ ಎದ್ದು ಹೋದನೇನೋ ಎಂಬುದು ಎಲ್ಲಕ್ಕಿಂತ ದೊಡ್ಡ ಹೆದರಿಕೆ.

ಆಸ್ಪತ್ರೆಗೆ ಫೋನ್ ಮಾಡಿದೆ. “ಏನು ಕಳೆದಿದೆ? ಒಡವೆಯೇ?” ಎಂದು ಫೋನೆತ್ತಿದಾಕೆ ಕೇಳಿದಳು. ಲಿಂಗಕ್ಕೆ ಜರ್ಮನ್ ಮಾತು ನನಗೆ ಯಾರು ಕಲಿಸಿದ್ದಾರೆ? “ನನ್ನ ದೇವರು ಕೊಳೆಬಟ್ಟೆಯ ಜೊತೆ ಹೋಗಿದ್ದಾರೆ,” ಅಂದುಬಿಟ್ಟೆ. ಚೀಲಗಳು ನೆಲಮಾಳಿಗೆಯಲ್ಲಿವೆ, ನಾಲ್ಕಕ್ಕೆ ಲಾರಿ ಬಂದು ಒಯ್ಯುತ್ತದೆ ಎಂದಳು. ಆಗ ಮೂರೂವರೆ.

ಬಸ್ಸಿನಲ್ಲಿ ಅಳುತ್ತಲೇ ಕೂತಿದ್ದೆ, ಒಬ್ಬರೂ ತಿರುಗಿ ನೋಡಲಿಲ್ಲ. ನಮ್ಮ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಒಂದು ಹೆಣ್ಣು ಹೀಗೆ ಅತ್ತಿದ್ದರೆ “ಯಾಕ್ರೀ ಅಕ್ಕಾರ, ಏನಾತ್ರಿ?” ಎಂದು ಹತ್ತು ಮಂದಿ ಸುತ್ತುಗಟ್ಟುತ್ತಿದ್ದರು. ಊರಲ್ಲಿ ಅದೇ ನನ್ನನ್ನು ರೇಗಿಸುತ್ತಿತ್ತು.

ನೆಲಮಾಳಿಗೆಗೆ ಓಡಿದಾಗ ಚೀಲಗಳನ್ನು ಆಗಲೇ ಲಾರಿಗೆ ಹೇರುತ್ತಿದ್ದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ತಲೆಗೆ ವಸ್ತ್ರ ಕಟ್ಟಿದ ತುರ್ಕಿಯ ಹೆಂಗಸು, ಬಟ್ಟೆ ವಿಂಗಡಿಸುವವಳು, ಕೋಟು ಹಾಕಿಕೊಂಡು ಕೂತಿದ್ದಳು. ಕೆಲಸದ ಹೊತ್ತು ಮುಗಿಯುವುದಕ್ಕೆ ಇಲ್ಲಿ ‘ಫೈಯರಾಬೆಂಡ್’ ಅನ್ನುತ್ತಾರೆ. ಆಮೇಲೆ ಒಂದು ನಿಮಿಷವೂ ಯಾರೂ ನಿಲ್ಲುವುದಿಲ್ಲ. ಅವಳದು ಮೂರಕ್ಕೇ ಮುಗಿದಿತ್ತು. ಅವಳ ತೊಡೆಯ ಮೇಲೆ ಒಗೆದ ಟವೆಲ್ಲು, ಅದರ ಮೇಲೆ ನನ್ನ ಗಂಟು.

“ಯಾರೋ ಜೋಪಾನವಾಗಿ ಕಟ್ಟಿದ್ದಾರೆ ಅನಿಸಿತು. ಬಿಚ್ಚಲಿಲ್ಲ. ಹುಡುಕಿಕೊಂಡು ಬರುತ್ತಾರೆ ಎಂದು ಕಾದೆ,” ಅಂದಳು, ನನ್ನಷ್ಟೇ ಹರುಕು ಜರ್ಮನಿನಲ್ಲಿ.

ಅಲ್ಲೇ ಗೋಡೆಗೆ ಒರಗಿ ಗಂಟನ್ನು ಎದೆಗೊತ್ತಿಕೊಂಡೆ. ಕಣ್ಣು ಮುಚ್ಚಿದೆ. ಅವನು ಕಲ್ಲೋಳಿಯಲ್ಲಿ ಕೂತಿರಲಿಲ್ಲ. ನನಗಿಂತ ಮೊದಲೇ ಈ ನೆಲಮಾಳಿಗೆಗೆ ಬಂದು ಕೂತಿದ್ದ. “ತಪ್ಪಾತಪ್ಪಾ, ಶಿವನ,” ಅಂದೆ. ಕಣ್ಣು ತೆರೆಯುವಷ್ಟರಲ್ಲಿ ಆ ಹೆಂಗಸು ಬಸ್ಸು ಹಿಡಿಯಲು ಹೋಗಿದ್ದಳು.

ಮನೆಗೆ ಬಂದು, ಪೂಜೆ ಮಾಡಿ ಉಂಡಮೇಲೆ ಅವ್ವನಿಗೆ ಫೋನ್ ಮಾಡಿ ಲಿಂಗ ಕಳೆದು ಸಿಕ್ಕಿದ್ದನ್ನು ಹೇಳಿದೆ. ನಮ್ಮಲ್ಲಿ ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟುವಂತಿಲ್ಲ. ಅವ್ವ ಕೇಳಿದಳು, “ಯಾರರ ಮುಟ್ಟಿದ್ರೇನು?”

“ಗಂಟ ಬಿಚ್ಚಿಲ್ಲವ್ವಾ. ಆದ್ರ ಕೆಲಸದಾಕಿ ಒಬ್ಬಾಕಿ ಡ್ಯೂಟಿ ಮುಗದ್ರೂ ಒಂದು ತಾಸು ತೊಡಿ ಮ್ಯಾಲ ಇಟಗೊಂಡು ಕುಂತಿದ್ಲು.”

ಅವ್ವ ಬಯ್ಯುತ್ತಾಳೆ, ಶುದ್ಧಿಗೆ ಅಯ್ಯನೋರ ಹತ್ತಿರ ಬಾ ಅನ್ನುತ್ತಾಳೆ ಎಂದುಕೊಂಡೆ.

“ಡ್ಯೂಟಿ ಮುಗದ ಮ್ಯಾಲೂ ಕುಂತಿದ್ಲೇನು?”

“ಹೂಂನವ್ವಾ.”

“ಆಕಿ ಉಂಡಿದ್ಲೋ ಇಲ್ಲೋ, ಕೇಳಿದ್ಯಾ? ಹೆಸರೇನಂತ?”

ಒಂದು ವರ್ಷದಿಂದ ಅವಳು ದಿನಾ ಲಿಫ್ಟಿನಲ್ಲಿ ನನಗೆ ಎದುರಾಗುತ್ತಿದ್ದಳು. ಅವ್ವನಿಗೆ ಹೇಳಲು ನನ್ನ ಬಳಿ ಹೆಸರಿರಲಿಲ್ಲ.